ಒಂದೇ ಕೋಷ್ಟಕದಲ್ಲಿ ಇಬ್ಬರು ನೀಲವ್ವ

ಫೆಬ್ರವರಿ ಮೂವತ್ತು, ಕಣಜ ವರ್ಷ ಇನ್ನೂರ ಹನ್ನೊಂದು

ಡೇಟಾಬೇಸ್ ಕಟ್ಟುತ್ತಿರುವ ಹಿರಿಯರಿಗೆ,

ಈ ತಾರೀಖು ನಿಮಗೆ ತಪ್ಪಾಗಿ ಕಂಡೀತು. ನಮ್ಮ ಕಣಜ ಎಲ್ಲ ತಿಂಗಳಿಗೂ ಮೂವತ್ತೇ ದಿನ ಕೊಡುತ್ತದೆ. ನನ್ನ ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ಹಳೆಯ ಸಾಹಿತ್ಯ ಓದಿ. ನೀವು ನನಗಿಂತ ಇನ್ನೂರು ವರ್ಷ ಹಿಂದಿನವರು, ಎದುರು ನಿಂತು ಕೇಳಲಾಗದು, ಅದಕ್ಕೇ ಬರೆಯುತ್ತಿದ್ದೇನೆ.

ಕಣಜವೆಂದರೆ ನೀವು ಕಟ್ಟುತ್ತಿರುವ ಆ ಡೇಟಾಬೇಸೇ. ಅದರಲ್ಲಿ ಪಾಲು ಪಡೆದ ಒಂದೊಂದು ಊರನ್ನೂ ನಾವು ಒಕ್ಕಲು ಎನ್ನುತ್ತೇವೆ. ಎಲ್ಲ ಒಕ್ಕಲುಗಳ ಜನರೂ ಒಂದೇ ಕೋಷ್ಟಕದಲ್ಲಿ ಸಾಲುಸಾಲಾಗಿ ಇದ್ದಾರೆ. ಪ್ರತಿ ಸಾಲಿನ ತುದಿಯಲ್ಲಿ ಒಕ್ಕಲಿನ ಸಂಖ್ಯೆ. ಆ ಸಂಖ್ಯೆಯೇ ಗೋಡೆ. ನಲ್ಲಿಯಲ್ಲಿ ನೀರು ಬರುವುದು, ಬಸ್ಸಿನ ಬಾಗಿಲು ತೆರೆಯುವುದು, ಡಾಕ್ಟರ್ ನಮ್ಮ ಮೈ ಮುಟ್ಟುವುದು ಎಲ್ಲವೂ ಲಾಗಿನ್ ಆದ ಮೇಲೆ. ಒಂದು ಲಾಗಿನ್ನಿಗೆ ಒಂದೇ ಒಕ್ಕಲು. ಹಾಗಾಗಿ ಮದುವೆಯಾಗಿ ಬೇರೆ ಊರಿಗೆ ಹೋಗುವವಳ ಲಾಗಿನ್ ಮುಚ್ಚಿ ಹೊಸದು ಕೊಡುತ್ತಾರೆ; ಹಳೆಯ ದಾಖಲೆ ಅವಳ ಜೊತೆ ಬರುವುದಿಲ್ಲ. ಅದಕ್ಕೊಂದು ಶಾಸ್ತ್ರವೇ ಇದೆ: ತವರಿನವರು ಸುತ್ತ ಕೂತು ಅವಳಿಗೆ ಬಂದ ಜ್ವರ, ಆದ ಗಾಯ, ಒಗ್ಗದ ತಿನಿಸುಗಳನ್ನೆಲ್ಲ ಬಾಯಲ್ಲಿ ಹೇಳಿ ಕಳಿಸುತ್ತಾರೆ. ಬಾಯಿಮಾತನ್ನು ಕಣಜ ಬರೆದುಕೊಳ್ಳುವುದಿಲ್ಲ.

ನನ್ನ ಅವ್ವ ನೀಲವ್ವ ಹಳೇಕೋಟೆ ಒಕ್ಕಲಿನಿಂದ ಕೆಳಪೇಟೆಗೆ ಬಂದವಳು. ಈಗ ಅವಳ ಎದೆಯಲ್ಲಿ ಕೀವು ತುಂಬಿದೆ. ಅದಕ್ಕೆ ಇರುವುದು ಎರಡು ಔಷಧ. ಅವುಗಳಲ್ಲೊಂದು ಬಾಲ್ಯದಲ್ಲಿ ಅವಳನ್ನು ಕೊಂದೇಬಿಡುವುದರಲ್ಲಿತ್ತು. ಯಾವುದೆಂದು ಅಜ್ಜಿ ಶಾಸ್ತ್ರದ ದಿನ ಹೇಳಿದ್ದಳಂತೆ. ಕೇಳಿಸಿಕೊಂಡವರು ಯಾರೂ ಈಗಿಲ್ಲ. ಅವ್ವನಿಗೆ ಮಾತು ನಿಂತಿದೆ. ಸೀಸೆ ತೋರಿಸಿದರೆ ಎರಡಕ್ಕೂ ತಲೆಯಾಡಿಸುತ್ತಾಳೆ.

ಕಣಜ ಕಾಯುವ ಈರಭದ್ರ ಕಾಕಾನನ್ನು ಕೇಳಿದೆ. “ಅದಾಳ ನೋಡವಾ ನಿಮ್ಮವ್ವ, ಎರಡ ಸಾಲಿನ್ಯಾಗ ಅದಾಳ. ಒಬ್ಬಾಕಿ ನಮ್ಮಾಕಿ, ಇನ್ನೊಬ್ಬಾಕಿ ಹಳೇಕೋಟ್ಯಾಕಿ. ಒಗ್ಗದ ಔಷಧ ಆಕೀ ಸಾಲಿನ್ಯಾಗ ಬರದಿರತೈತಿ, ಆದ್ರ ಅದನ್ನ ತೆಗದು ನೋಡಬೇಕಂದ್ರ ಆ ಊರಿನ ಲಾಗಿನ್ನ ಬೇಕು,” ಎಂದರು. ಹಳೇಕೋಟೆ ನೀರಿನಲ್ಲಿ ಮುಳುಗಿದೆ. ಅಲ್ಲಿಯ ಲಾಗಿನ್ ಇದ್ದವರು ಒಬ್ಬರೂ ಉಳಿದಿಲ್ಲ. ಯಾಕೆ ಹೀಗೆ ಕಟ್ಟಿದರೆಂದು ಕೇಳಿದ್ದಕ್ಕೆ, ಕಣಜದ ಪ್ರೋಗ್ರಾಂ ಕೋಡಿನ ನಡುವೆ ನಿಮ್ಮವರೇ ಬರೆದಿಟ್ಟ ಸಾಲನ್ನು ಕಾಕಾ ತೋರಿಸಿದರು: ‘ಸದ್ಯಕ್ಕೆ ಒಬ್ಬರಿಗೆ ಒಂದೇ ಇರಲಿ, ಆಮೇಲೆ ನೋಡೋಣ.’ ನಮ್ಮ ಮಕ್ಕಳು ಸೋಮಾರಿಗಳನ್ನು ಅಣಕಿಸುವುದು ಈ ಮಾತಿನಿಂದಲೇ.

ಗೋಡೆ ಕೆಡವಿ ಎನ್ನುತ್ತಿಲ್ಲ. ಒಂದೂರಿನ ಗುಟ್ಟು ಇನ್ನೊಂದೂರಿಗೆ ಕಾಣಬಾರದು, ಸರಿ. ಆದರೆ ಮನುಷ್ಯರನ್ನು ಒಕ್ಕಲಿನೊಳಗೆ ಬರೆಯಬೇಡಿ. ಮನುಷ್ಯರಿಗೊಂದು ಕೋಷ್ಟಕ, ಒಕ್ಕಲಿಗೊಂದು ಕೋಷ್ಟಕ, ಯಾರು ಎಲ್ಲೆಲ್ಲಿಗೆ ಸೇರಿದವರು ಎಂಬುದಕ್ಕೆ ಇನ್ನೊಂದು ಮಾಡಿ. ಒಂದೇ ಲಾಗಿನ್ ಎರಡು ಬಾಗಿಲು ತೆರೆಯಲಿ. ಇವತ್ತಾದರೆ ನಿಮಗದು ಅರ್ಧ ದಿನದ ಕೆಲಸ.

ಈ ಕಾಗದ ನಿಮಗೆ ತಲುಪಿದ್ದರೆ ಅವ್ವ ಎರಡು ಸಾಲಾಗುತ್ತಿರಲಿಲ್ಲ. ಈಗಷ್ಟೇ ಮತ್ತೆ ನೋಡಿ ಬಂದೆ. ಎರಡಾಗಿಯೇ ಇದ್ದಾಳೆ.

ಡಾಕ್ಟರ್ ಶಾಂಭವಿ ಸೀಸೆಗಳನ್ನು ಮಂಚದ ಪಕ್ಕ ಇಟ್ಟು, “ನೀನ ಒಂದು ಕೊಡವಾ, ನನ್ನ ಕೈಲೆ ಆಗವಲ್ದು,” ಎಂದು ಹೊರಗೆ ನಿಂತಿದ್ದಾರೆ. ಅವ್ವ ನನ್ನನ್ನೇ ನೋಡುತ್ತಿದ್ದಾಳೆ. ಪೆನ್ನು ಕೆಳಗಿಡುತ್ತೇನೆ, ಸೀಸೆ ಹಿಡಿಯಲು ಕೈ ಬೇಕು.

ನೀಲವ್ವನ ಮಗಳು,
ಹೊನ್ನಗಂಗಾ