ಹಿಂದಿನ ಬೇರಿಂಗ್

ಹದಿನೇಳನೇ ತಾರೀಖು, ಭಾನುವಾರ,
ಮಧ್ಯಾಹ್ನ ಊಟ ಆದ ಮೇಲೆ

ಅಕ್ಕಾ,

ನನ್ನ ಅಕ್ಷರ ನೋಡಿದ ತಕ್ಷಣ ಹೆದರಬೇಡ. ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು ಹಾಗೇ ಇದೆ, ಬೈಗುಳವೂ ಹಾಗೇ ಇದೆ. ಈಗ ಪಕ್ಕದ ಕೋಣೆಯಲ್ಲಿ ಫ್ಯಾನು ಹಾಕಿಕೊಂಡು ಮಲಗಿದ್ದಾಳೆ. ಇದಕ್ಕೆ ಮುಂಚೆ ನಾನು ಕಾಗದ ಬರೆದಿದ್ದು ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ, ಮೂರು ದಿನ ರಜೆ ಬೇಕು ಅಂತ ಹೆಡ್‌ಮಾಸ್ಟರಿಗೆ. ಐದಕ್ಕೆ ಎರಡು ಮಾರ್ಕು ಕೊಟ್ಟಿದ್ದರು. ತಪ್ಪು ಇರುತ್ತದೆ, ಹೊಂದಿಸಿಕೊಂಡು ಓದು.

ಫೋನಿನಲ್ಲಿ ಹೇಳೋಣ ಅಂತ ಮೂರು ಸಲ ಮಾಡಿದೆ. ನೀನು ಹ್ಞೂಂ ಅಂದೆ, ನಾನು ಊಟ ಆಯ್ತಾ ಅಂದೆ, ನೀನು ಮತ್ತೆ ಹ್ಞೂಂ ಅಂದೆ. ಚಿಕ್ಕವಳಿದ್ದಾಗ ನಿನ್ನನ್ನು ಮನೆಯಲ್ಲಿ ರೇಡಿಯೋ ಅಂತ ಕರೆಯುತ್ತಿದ್ದರು. "ಯಾರಾದ್ರೂ ಅದರ ಕಿವಿ ಹಿಂಡ್ರೋ, ವಾರ್ತೆ ಸಾಕು" ಅನ್ನುತ್ತಿದ್ದ ಅಪ್ಪ. ಆ ರೇಡಿಯೋ ಎರಡು ವರ್ಷದಿಂದ ಹ್ಞೂಂ ಬಿಟ್ಟು ಬೇರೆ ಏನೂ ಅನ್ನುತ್ತಿಲ್ಲ.

ಯಾಕೆ ಅಂತ ನನಗೆ ಗೊತ್ತು. ಭಾವ ಹೋದ ದಿನ ಬೆಳಿಗ್ಗೆ ನೀನು ಅವರ ಜೊತೆ ಜಗಳ ಆಡಿದ್ದೆ. "ಆ ಹಳೇ ಕಾರಿನ ಜೊತೆನೇ ಸಂಸಾರ ಮಾಡಿ, ಮನೆ ಕಡೆ ಬರಲೇಬೇಡಿ" ಅಂದಿದ್ದೆ. ಆ ಮಾತನ್ನು ಬೇರೆ ಯಾರೂ ಕೇಳಿಸಿಕೊಂಡಿರಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ನಿಂತು ನೀನೇ ಎಲ್ಲರಿಗೂ ಹೇಳಿದೆ. ಅವತ್ತಿನಿಂದ ನಿಮ್ಮತ್ತೆ ಮನೆಗೆ ಬಂದವರ ಮುಂದೆಲ್ಲ ಅದನ್ನೇ ಹೇಳುತ್ತಾರೆ. ಮಗ ಆ ಮಾತನ್ನು ತಲೆಯಲ್ಲಿ ಇಟ್ಟುಕೊಂಡು ಗಾಡಿ ಓಡಿಸಿದ, ಸೇತುವೆ ತಿರುವಿನಲ್ಲಿ ಗೋಡೆಗೆ ಹೊಡೆದ ಅಂತ. ನೀನು ಅಲ್ಲೇ ನಿಂತು ಬಂದವರಿಗೆ ನೀರು ಕೊಡುತ್ತೀಯ. ಹೋದ ಸಲ ಬಂದಾಗ ನಾನೇ ನೋಡಿದೆ. ನೋಡಿಕೊಂಡು ಸುಮ್ಮನೆ ವಾಪಸು ಬಂದೆ.

ಭಾವ ಹೋಗಿದ್ದು ನಿನ್ನ ಮಾತಿನಿಂದ ಅಲ್ಲ ಅಕ್ಕಾ. ನನ್ನ ಕೆಲಸದಿಂದ.

ಇಷ್ಟು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಇನ್ನು ಒಂದೇ ಸಮನೆ ಬರೆದು ಮುಗಿಸುತ್ತೇನೆ.

ನಮ್ಮ ಅಂಗಡಿಯ ಕೆಲಸ ಏನು ಅಂತ ಮೊದಲು ಹೇಳಬೇಕು. ಹಳೇ ಕಾರುಗಳಲ್ಲಿ ಇಂಜಿನ್ ಪಕ್ಕ ಒಂದು ಗಾಳಿ ಪಂಪು ಇರುತ್ತದೆ, ಸಕ್ಕರೆ ಡಬ್ಬದಷ್ಟು ದೊಡ್ಡದು. ಹೊಗೆ ಕೊಳವೆಯೊಳಗೆ ಗಾಳಿ ಊದುವುದು ಅದರ ಕೆಲಸ. ಉಳಿದ ಕೆಟ್ಟ ಹೊಗೆ ಅಲ್ಲೇ ಸುಟ್ಟು ಹೋಗಬೇಕು. ಪಂಪು ತಿರುಗದಿದ್ದರೆ ಹೊಗೆ ತಪಾಸಣೆಯಲ್ಲಿ ಕಾರು ಫೇಲು. ಹೊಸ ಪಂಪು ಸಿಗುವುದಿಲ್ಲ, ಮಾಡುವುದನ್ನೇ ನಿಲ್ಲಿಸಿ ಎಷ್ಟೋ ವರ್ಷ ಆಯಿತು. ಅದಕ್ಕೆ ಎಲ್ಲೆಲ್ಲಿಂದಲೋ ಜನ ಜಾಮ್ ಆದ ಪಂಪುಗಳನ್ನು ಡಬ್ಬಿಗೆ ಹಾಕಿ ನಮಗೆ ಕಳಿಸುತ್ತಾರೆ. ಡಬ್ಬಿ ಮೇಲೆ "ನಮ್ಮ ತಂದೆಯ ಕಾರು, ಜೋಪಾನ" ಅಂತೆಲ್ಲ ಬರೆದಿರುತ್ತಾರೆ. ನಾವು ಬಿಚ್ಚಿ, ತೊಳೆದು, ಬೇರಿಂಗ್ ಬದಲಾಯಿಸಿ, ಒಳಗಿನ ಕಾರ್ಬನ್ ಪಟ್ಟಿಗಳನ್ನು ಹೊಸದಾಗಿ ಕತ್ತರಿಸಿ ಕೂರಿಸಿ ವಾಪಸು ಕಳಿಸುತ್ತೇವೆ.

ನಮ್ಮ ಯಜಮಾನರು ನಿನಗೆ ಗೊತ್ತಲ್ಲ, ನಿಧಾನಪ್ಪ. ಹೆಸರು ನಾನು ಇಟ್ಟಿದ್ದಲ್ಲ, ಬೀದಿಯವರೆಲ್ಲ ಇಟ್ಟಿದ್ದು. ಜಾಮ್ ಆದ ಪಂಪನ್ನು ಅವರು ಎಣ್ಣೆಯಲ್ಲಿ ಒಂಬತ್ತು ದಿನ ನೆನೆಸುತ್ತಾರೆ. ಮೊದಲನೇ ದಿನವೇ ನಾನು ಸುತ್ತಿಗೆ ಎತ್ತಿದ್ದಕ್ಕೆ "ಅದು ನಿದ್ದೆ ಮಾಡ್ತಿದೆ ಕಣಯ್ಯ, ಹೊಡೆದು ಎಬ್ಬಿಸಿದ್ರೆ ಯಾರಿಗೆ ತಾನೇ ಖುಷಿ ಆಗುತ್ತೆ" ಅಂದಿದ್ದರು. ಟೈರ್ ಅಂಗಡಿ, ಕೊರಿಯರ್, ಐಸ್ ಫ್ಯಾಕ್ಟರಿ ಎಲ್ಲ ಬಿಟ್ಟು ಬಂದ ನನ್ನನ್ನು ಅವರ ಹತ್ತಿರ ಸೇರಿಸಿದ್ದು ಭಾವ. ಯಜಮಾನರು ಕನ್ನಡಕ ಮಾಡಿಸಲು ಭಾವನ ಅಂಗಡಿಗೆ ಹೋಗಿದ್ದಾಗ ಭಾವ ಫ್ರೇಮು ಸರಿ ಮಾಡುತ್ತಲೇ ನನ್ನ ವಿಷಯ ತೆಗೆದಿದ್ದರಂತೆ. "ಹುಡುಗನ ಕಾಲು ಒಂದು ಕಡೆ ನಿಲ್ಲಲ್ಲ, ಆದ್ರೆ ಕೈ ಒಳ್ಳೇದು" ಅಂದಿದ್ದರಂತೆ.

ನಾನು ಸೇರಿ ಏಳು ತಿಂಗಳಿಗೆ ಭಾವನ ಕಾರಿನ ಪಂಪೇ ಜಾಮ್ ಆಯಿತು. ನಾನೇ ಬಿಚ್ಚಿ ತಂದೆ. ಯಜಮಾನರು ತಾವೇ ಮಾಡುತ್ತೇನೆ ಅಂದರು. ಭಾವ ಕೇಳಲಿಲ್ಲ. "ನನ್ನ ಭಾಮೈದನೇ ಕಟ್ಟಲಿ ಬಿಡಿ. ನಾಳೆ ನೆಂಟರ ಮುಂದೆ ಜಂಬ ಕೊಚ್ಚಿಕೊಳ್ಳೋಕೆ ನನಗೂ ಒಂದು ಬೇಕಲ್ಲ" ಅಂದರು.

ಅದು ನಾನು ಒಬ್ಬನೇ ಕಟ್ಟಿದ ಮೊದಲ ಪಂಪು. ಅದರಲ್ಲಿ ಎರಡು ಬೇರಿಂಗ್ ಇರುತ್ತವೆ, ಮುಂದೆ ಒಂದು, ಹಿಂದೆ ಒಂದು. ಮುಂದಿನದು ಗ್ರೀಸ್ ತುಂಬಿಕೊಂಡೇ ಬರುತ್ತದೆ. ಹಿಂದಿನದರಲ್ಲಿ ಸುತ್ತಲೂ ಸಣ್ಣ ಉಕ್ಕಿನ ಕಡ್ಡಿಗಳಿರುತ್ತವೆ, ಸೂಜಿ ಅನ್ನುತ್ತೇವೆ. ಅದಕ್ಕೆ ನಾವು ಬೆರಳಿನಿಂದ ತುಂಬಬೇಕು, ಒಂದೊಂದು ಸೂಜಿಯ ಸಂದಿಗೂ. ತುಂಬಿ, ಒರೆಸಿ, ಮತ್ತೆ ತುಂಬಬೇಕು ಅನ್ನುವುದು ಯಜಮಾನರ ನಿಯಮ. ಮುಚ್ಚುವ ಮುಂಚೆ ಕಟ್ಟಿದವನು ಪಂಪಿನ ಹಿಂದಿನ ಮುಚ್ಚಳದ ಒಳಗಡೆ ತನ್ನ ಗುರುತು ಗೀಚಬೇಕು. ನನ್ನದು ಒಂದು ಚಿಕ್ಕ ಗಾಳಿಪಟ.

ಅವತ್ತು ಬೇರಿಂಗ್ ಕೂರಿಸಿ ಗ್ರೀಸ್ ಡಬ್ಬಿ ಮುಚ್ಚಳ ತೆಗೆದಿದ್ದೆ. ಹೊರಗೆ ನನ್ನ ಟೈರ್ ಅಂಗಡಿಯ ಗೆಳೆಯ ಹೊಸ ಬೈಕು ತಂದು ನಿಲ್ಲಿಸಿ ಶಿಳ್ಳೆ ಹೊಡೆದ. ಒಂದೇ ಒಂದು ಸುತ್ತು ಅಂತ ಹೋದೆ. ವಾಪಸು ಬಂದಾಗ ಡಬ್ಬಿ ತೆರೆದಿತ್ತು, ಬೆರಳಿಗೆ ಗ್ರೀಸ್ ಅಂಟಿತ್ತು. ತುಂಬಿ ಆಗಿದೆ ಅಂದುಕೊಂಡು ಪಂಪಿನ ಮುಚ್ಚಳ ಹಾಕಿದೆ. ಗಾಳಿಪಟವನ್ನು ಮಾತ್ರ ಮರೆಯದೆ ಗೀಚಿದ್ದೆ. ಆಮೇಲೆ ಪಂಪನ್ನು ಕಾರಿಗೆ ಕೂರಿಸಿ ಬೆಲ್ಟು ಬಿಗಿದು ಕೊಟ್ಟೆ. ಭಾವನನ್ನು ನಾನು ಕೊನೆಗೆ ನೋಡಿದ್ದು ಅವತ್ತೇ. ಅದಾದ ನಾಲ್ಕನೇ ದಿನ ಅವರು ಹೋದರು.

ಈಗ ನಾಲ್ಕು ವಾರದ ಹಿಂದಿನ ಮಾತು. ಒಬ್ಬರು ಹಲ್ಲಿನ ಡಾಕ್ಟರಮ್ಮ ಭಾವನ ಕಾರಿನ ಮಾಡೆಲ್ಲಿನದೇ ಪಂಪು ತಂದಿದ್ದರು. ಮೈಯೇ ಬಿರುಕು ಬಿಟ್ಟಿತ್ತು, ಅದನ್ನು ಕಟ್ಟಲು ಆಗುವುದಿಲ್ಲ, ಬೇರೆ ಹಳೇ ಪಂಪು ಹುಡುಕಬೇಕು. "ನಾನು ಹಲ್ಲು ಕಿತ್ತು ಅರ್ಧ ಗಂಟೇಲಿ ಮನೆಗೆ ಕಳಿಸ್ತೀನಿ, ನೀವು ಒಂದು ಪಂಪಿಗೆ ತಿಂಗಳು ಅಂತೀರಲ್ಲ" ಅಂತ ನಗುತ್ತಿದ್ದರು. ಎಲ್ಲ ಕಡೆ ಫೋನು ಮಾಡಿದೆ. ಕೊನೆಗೆ ರೈಲು ಹಳಿ ಆಚೆಯ ಗುಜರಿಗೆ ಹೋದೆ. ಅದನ್ನು ನಡೆಸುವವರು ಒಬ್ಬ ದಪ್ಪ ಹೆಂಗಸು, ಎಲ್ಲರೂ ಗುಜರಿಯಮ್ಮ ಅಂತಲೇ ಕರೆಯುವುದು. ನನ್ನನ್ನು ನೋಡಿ "ಏನಪ್ಪಾ, ನಿಮ್ಮ ಯಜಮಾನ್ರು ಹೋದ ವರ್ಷದ ಬೋಲ್ಟು ಇನ್ನೂ ಬಿಚ್ತಾನೇ ಇದಾರಾ" ಅಂದರು. ಆ ಮಾಡೆಲ್ಲಿನ ಕಾರು ಒಂದೇ ಒಂದು ಇದೆ, ಕೊನೇ ಸಾಲಿನಲ್ಲಿ, ಮುಂದಿನ ಎಡಗಡೆ ಪೂರ್ತಿ ಹೋಗಿದೆ, ಬೇಕಾದ್ದು ಬಿಚ್ಚಿಕೋ ಅಂದರು.

ದೂರದಿಂದ ಗೊತ್ತಾಗಲಿಲ್ಲ. ಬಣ್ಣವೆಲ್ಲ ಹೋಗಿತ್ತು. ಬಾಗಿಲ ಹತ್ತಿರ ಹೋದ ಮೇಲೆ ನೀನು ಹೊಲಿದ ನೀಲಿ ಸೀಟ್ ಕವರು ಕಾಣಿಸಿತು. ಅಂಚಿಗೆ ಬಿಳಿ ದಾರ ಹಾಕಿದ್ದೆಯಲ್ಲ, ಅದು.

ಓಡಿ ಬರಬೇಕು ಅನ್ನಿಸಿತು. ಆದರೂ ಕೈ ಹಾಕಿ ಪಂಪಿನ ಚಕ್ರ ತಿರುಗಿಸಿ ನೋಡಿದೆ. ಅಲ್ಲಾಡಲಿಲ್ಲ. ಚಕ್ರದ ಸಂದಿಯಲ್ಲಿ ಬೆಲ್ಟಿನ ರಬ್ಬರ್ ಕರಗಿ ಅಂಟಿಕೊಂಡಿತ್ತು. ಅಪಘಾತಕ್ಕೆ ರಬ್ಬರ್ ಕರಗುವುದಿಲ್ಲ ಅಕ್ಕಾ. ಪಂಪು ನಿಂತು ಹೋಗಿ ಬೆಲ್ಟು ಅದರ ಮೇಲೆ ಉಜ್ಜಿ ಉಜ್ಜಿ ಸುಟ್ಟರೆ ಮಾತ್ರ ಹಾಗಾಗುತ್ತದೆ.

ಪಂಪನ್ನು ಬಿಚ್ಚಿ ಯಜಮಾನರ ಬೆಂಚಿನ ಮೇಲೆ ಇಟ್ಟೆ. ಯಾರ ಕಾರಿನದು ಅಂತ ಹೇಳಲಿಲ್ಲ. ಅವರು ಒಂಬತ್ತು ದಿನ ನೆನೆಸಿದರು. ಆ ಒಂಬತ್ತು ದಿನ ನಾನು ಹೇಗಿದ್ದೆ ಅಂತ ಬರೆಯಲು ಬರುವುದಿಲ್ಲ. ಹತ್ತನೇ ದಿನ ಬಿಚ್ಚಿದರು. ಹಿಂದಿನ ಬೇರಿಂಗಿನ ಸೂಜಿಗಳು ಕಾದು ನೀಲಿಯಾಗಿ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಯಜಮಾನರು ಬಟ್ಟೆಯಿಂದ ಒರೆಸಿ ನೋಡಿ, "ಯಾವ ಪುಣ್ಯಾತ್ಮ ಕಟ್ಟಿದ್ನೋ, ಒಂದು ಚಿಟಿಕೆ ಗ್ರೀಸೂ ಮುಟ್ಟಿಸಿಲ್ಲ" ಅಂದರು. ಆಮೇಲೆ ಮುಚ್ಚಳ ತಿರುಗಿಸಿದರು.

ಗಾಳಿಪಟವನ್ನು ತುಂಬಾ ಹೊತ್ತು ನೋಡಿದರು. ನನ್ನ ಕಡೆ ನೋಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು, ಅದು ಭಾವ ಮಾಡಿಕೊಟ್ಟ ಕನ್ನಡಕ. "ಇದು ಅವರ ಗಾಡೀದಾ?" ಅಂತ ಕೇಳಿದರು. ಹೌದು ಅಂದೆ.

ಆ ಮಾಡೆಲ್ಲಿನಲ್ಲಿ ಪಂಪಿಗೂ ಸ್ಟೀರಿಂಗ್ ಹಗುರ ಮಾಡುವ ಯಂತ್ರಕ್ಕೂ ಒಂದೇ ಬೆಲ್ಟು. ಬೆಲ್ಟು ಹರಿದರೆ ಸ್ಟೀರಿಂಗ್ ಇದ್ದಕ್ಕಿದ್ದ ಹಾಗೆ ಕಲ್ಲಾಗುತ್ತದೆ. ನೇರ ರಸ್ತೆಯಲ್ಲಾದರೆ ಹೇಗೋ ನಿಲ್ಲಿಸಬಹುದು. ಸೇತುವೆ ತಿರುವಿನಲ್ಲಿ ಆಗುವುದಿಲ್ಲ. ಭಾವ ಸಿಟ್ಟಿನಲ್ಲಿ ಓಡಿಸಲಿಲ್ಲ. ತಿರುಗಿಸಲು ಹೋದರು, ಅದು ತಿರುಗಲಿಲ್ಲ, ಅಷ್ಟೇ. ಪೊಲೀಸರು ಅತಿವೇಗ ಅಂತ ಬರೆದುಕೊಂಡರು, ಬೆಲ್ಟು ಯಾರು ನೋಡುತ್ತಾರೆ.

ಯಜಮಾನರು ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ತೆಗೆದು ನೋಡ್ಬೇಕಿತ್ತು. ನೋಡದೇ ಕಳಿಸಿದೆ" ಅಂದರು. ಆಮೇಲೆ, "ನಿಮ್ಮಕ್ಕನಿಗೆ ನೀನೇ ಹೇಳು. ಹೇಳೋ ತನಕ ಇದು ಇಲ್ಲೇ ಇರುತ್ತೆ" ಅಂದರು. ಡಾಕ್ಟರಮ್ಮನಿಗೆ ಬೇರೆ ಊರಿನಿಂದ ಪಂಪು ತರಿಸಿಕೊಟ್ಟರು. ಇದು ನನ್ನ ಬೆಂಚಿನ ಮೇಲೆ ಬಿಚ್ಚಿದ ಹಾಗೇ ಇದೆ. ಎರಡು ವಾರದಿಂದ ಅದರ ಪಕ್ಕದಲ್ಲೇ ಕೂತು ಬೇರೆಯವರ ಪಂಪು ಕಟ್ಟುತ್ತಿದ್ದೇನೆ. ಒಂದೊಂದನ್ನು ನಾಲ್ಕು ಸಲ ಬಿಚ್ಚಿ ನೋಡುತ್ತೇನೆ. ಈಗ ಬೀದಿಯವರು ನನಗೂ ನಿಧಾನಪ್ಪನ ಮಗ ಅನ್ನುತ್ತಿದ್ದಾರೆ.

ಓಡಿ ಹೋಗುವ ಯೋಚನೆ ಬರಲಿಲ್ಲ ಅಂತ ಹೇಳುವುದಿಲ್ಲ. ಲಾರಿಯಲ್ಲಿ ಕ್ಲೀನರ್ ಕೆಲಸ ಕೇಳಿಯೂ ಬಂದೆ, ದೂರದ ಊರುಗಳಿಗೆ ಹೋಗುವ ಲಾರಿ. ನಾಳೆ ಬಾ ಅಂದರು. ಹೋಗಲಿಲ್ಲ. ನೀನು ಬಂದು ಕೇಳಿದರೆ ನಾನು ಇಲ್ಲಿ ಸಿಗಬೇಕಲ್ಲ.

ನೀನು ಮಾಡಬೇಕಾದ್ದು ಒಂದೇ. ಈ ಕಾಗದವನ್ನು ನಿಮ್ಮತ್ತೆಯ ಮುಂದೆ ಕೂತು ಜೋರಾಗಿ ಓದು. ನನ್ನ ಹೆಸರಿಗೆ ಏನಾಗುತ್ತದೋ ಅಂತ ಎಲ್ಲೂ ಬಿಟ್ಟು ಓದಬೇಡ. ಅವರು ನಂಬದಿದ್ದರೆ ಪಂಪು ತೆಗೆದುಕೊಂಡು ನಾನೇ ಬರುತ್ತೇನೆ, ಯಜಮಾನರೂ ಬರುತ್ತಾರಂತೆ. ನಿಮ್ಮತ್ತೆ ಯಾರಿಗೆ ಶಾಪ ಹಾಕಬೇಕೋ ಅವನು ಎದುರಿಗೇ ಇರಲಿ. ಅದಾದ ಮೇಲೆ ಆ ಮನೆಯಲ್ಲಿ ಇರಬೇಕೋ ಬೇಡವೋ ನೀನು ಯೋಚನೆ ಮಾಡು. ಇಲ್ಲಿ ನಿನ್ನ ಕೋಣೆ ಖಾಲಿ ಇದೆ. ನನ್ನ ಮುಖ ನೋಡಲು ಆಗುವುದಿಲ್ಲ ಅಂದರೆ ನಾನು ಅಂಗಡಿಯಲ್ಲಿ ಮಲಗುತ್ತೇನೆ, ಯಜಮಾನರ ಹತ್ತಿರ ಕೇಳಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಎದ್ದ ಮೇಲೆ ಹೇಳುತ್ತೇನೆ.

ಕ್ಷಮಿಸು ಅಂತ ಬರೆಯಲು ಹೋಗಿ ಎರಡು ಸಲ ಹೊಡೆದು ಹಾಕಿದೆ. ಅಷ್ಟು ಬೇಗ ಕೇಳುವುದು ಸರಿಯಲ್ಲ.

ನಿನ್ನ
ತಮ್ಮ

ಲಕೋಟೆ ಅಂಟಿಸಿದ್ದೆ ಅಕ್ಕಾ, ಮತ್ತೆ ಹರಿದೆ. ಭಾವನನ್ನು ಕೊನೆಗೆ ನೋಡಿದ್ದು ಪಂಪು ಕೂರಿಸಿದ ದಿನ ಅಂತ ಬರೆದೆನಲ್ಲ, ಅದು ಸುಳ್ಳು. ಹೋದ ದಿನ ಬೆಳಿಗ್ಗೆ ಅವರು ಅಂಗಡಿಗೆ ಬಂದಿದ್ದರು. ಯಜಮಾನರು ಇನ್ನೂ ಬಂದಿರಲಿಲ್ಲ. "ಏನೋ, ನಿನ್ನ ಪಂಪು ಇಲಿ ಮರಿ ತರ ಕಿಚಗುಟ್ಟುತ್ತೆ" ಅಂದರು. ಹೊಸ ಕಾರ್ಬನ್ ಪಟ್ಟಿ ಹಾಕಿದರೆ ಮೊದಲು ಸ್ವಲ್ಪ ದಿನ ಸದ್ದು ಬರುವುದು ನಿಜ. "ಪಟ್ಟಿ ಹೊಸದಲ್ವಾ ಭಾವ, ಓಡ್ತಾ ಓಡ್ತಾ ಸರಿ ಹೋಗುತ್ತೆ" ಅಂದೆ. ನನ್ನ ಕೈಯಲ್ಲಿ ಚಹಾ ಇತ್ತು, ಆರಿ ಹೋಗುತ್ತದೆ ಅಂತ ಬಾನೆಟ್ ಎತ್ತಲಿಲ್ಲ. ಆಗ ನಿಮ್ಮ ಜಗಳದ ವಿಷಯ ಅವರೇ ಹೇಳಿದರು, ನೀನು ಅಂದ ಮಾತನ್ನು ನಿನ್ನ ತರವೇ ಸೊಂಟಕ್ಕೆ ಕೈ ಇಟ್ಟುಕೊಂಡು ಆಡಿ ತೋರಿಸಿದರು. "ನಿಮ್ಮಕ್ಕ ಬೈತಿದ್ದಾಳೆ ಅಂದ್ರೆ ಮನೇಲಿ ಎಲ್ಲ ಚೆನ್ನಾಗಿದೆ ಅಂತ ಕಣೋ. ಅವಳು ಸುಮ್ನಿದ್ರೆ ನಂಗೆ ಕೈಕಾಲೇ ಆಡಲ್ಲ" ಅಂದರು. ಇದನ್ನು ನಿನಗೆ ಅವತ್ತೇ ಹೇಳಿದ್ದರೆ ನೀನು ಬದುಕಿಕೊಳ್ಳುತ್ತಿದ್ದೆ. ಆದರೆ ಹೇಳಿದರೆ ಅವರು ನನ್ನ ಹತ್ತಿರ ಯಾಕೆ ಬಂದಿದ್ದರು ಅಂತ ಎಲ್ಲರೂ ಕೇಳುತ್ತಿದ್ದರು. ಅದಕ್ಕೇ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅವರು ನಗುತ್ತಲೇ ಹೋದರು ಅಕ್ಕಾ. ಇದನ್ನೂ ಜೋರಾಗಿ ಓದು.