ಹೆಚ್ಚಿಗೆ ಹಾಕಿದ ಎಲೆ

ಆಂಟಾಪ್ ಹಿಲ್, ಮುಂಬಯಿ
೧೩ ಅಕ್ಟೋಬರ್ ೨೦೨೪

ಹರಿಣಿಯ ಅಪ್ಪನಿಗೆ,

‘ಪ್ರೀತಿಯ’ ಎಂದು ಬರೆಯಲು ಈಗ ಮನಸ್ಸಿಲ್ಲ, ಬೇಕಿದ್ದರೆ ನೀವೇ ಸೇರಿಸಿಕೊಂಡು ಓದಿ. ಬಿ.ಪಿ. ಮಾತ್ರೆ ತಪ್ಪದೆ ನುಂಗುತ್ತೀರಾ? ಹಡಗಿನ ಅಡುಗೆಮನೆಯಲ್ಲಿ ನಿಂತು ನಿಂತು ಕಾಲು ಬಾತುಕೊಳ್ಳುತ್ತದೆ ಎಂದಿದ್ದಿರಿ, ಎಣ್ಣೆ ಹಚ್ಚುತ್ತೀರಾ, ಇಲ್ಲ ಅದಕ್ಕೂ ನಾನೇ ಬರಬೇಕಾ? ಹರಿಣಿ ಚೆನ್ನಾಗಿದ್ದಾಳೆ. ಹಡಗು, ಕ್ಷಿಪಣಿ ಬೀಳುತ್ತವೆ ಎನ್ನುವ ಆ ಕೆಂಪು ಸಮುದ್ರದ ಕಡೆ ತಿರುಗಿದ ಮೇಲೆ ನಿಮ್ಮ ಫೋನೇ ಇಲ್ಲ. ಕಂಪೆನಿಯ ಆಫೀಸಿನಲ್ಲಿ ಕೇಳಿದರೆ ‘ನೆಟ್‌ವರ್ಕ್ ನಹೀಂ ಹೈ’ ಎಂಬ ಒಂದೇ ರಾಗ. ಮುಂದಿನ ಬಂದರಿಗೆ ಅವರ ಟಪಾಲು ಹೋಗುತ್ತದಂತೆ, ಅದರಲ್ಲಿ ಈ ಕಾಗದ ಹಾಕುತ್ತೇನೆ.

ಇನ್ನು ಜಗಳ. ನಿಮ್ಮ ಹಡಗಿನ ಎಂಜಿನಿಯರ್ ಮಿಕೋಲಾ ಯುಕ್ರೇನಿನ ಯುದ್ಧಕ್ಕೆ ಹೋದ, ಪಾಪ, ಒಪ್ಪಿದೆ. ಅವನ ಹೆಂಡತಿ ಲುದ್ಮಿಲಾ ಮತ್ತು ಮಗಳನ್ನು ‘ಮುಂಬಯಿಯಲ್ಲಿ ನಮ್ಮ ಮನೆ ಉಂಟಲ್ಲ’ ಎಂದು ಕಳಿಸುವ ಮೊದಲು ನನ್ನನ್ನು ಒಂದು ಮಾತು ಕೇಳಿದಿರಾ? ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಭಾನುವಾರ ಬಂತೆಂದರೆ ವಿಕ್ರೋಳಿಯಿಂದ, ಇನ್ನೆಲ್ಲಿಂದಲೋ ಅವಳ ದೇಶದ ಹೆಂಗಸರು ಲೋಕಲ್ ಹಿಡಿದು ಬರುತ್ತಾರೆ. ಬಟಾಟೆ ತುಂಬಿ ಕಡುಬಿನಂಥದ್ದು ಬೇಯಿಸುತ್ತಾರೆ, ಹಾಡುತ್ತಾರೆ, ಕೊನೆಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುತ್ತಾರೆ. ಲುದ್ಮಿಲಾಳಿಗೆ ಬೇಕರಿಯಲ್ಲಿ ಕೆಲಸ ಹುಡುಕಿದವಳು ಅವರಲ್ಲೊಬ್ಬಳು, ಮಗಳನ್ನು ಶಾಲೆಗೆ ಸೇರಿಸಿದವಳು ಇನ್ನೊಬ್ಬಳು. ಅಳು ಮುಗಿದ ಮೇಲೆ ಪಾತ್ರೆ ಬೆಳಗಿಟ್ಟೇ ಹೋಗುತ್ತಾರೆ, ಸುಳ್ಳು ಹೇಳಬಾರದು. ಆದರೆ ನನ್ನ ಮಿಕ್ಸರ್ ಸುಟ್ಟದ್ದು ಅವರ ಕೈಯಲ್ಲೇ.

ನಿನ್ನೆ ದಶಮಿ, ಹೊಸ ಅಕ್ಕಿ ಊಟ. ಬಾಗಿಲಿಗೆ ಭತ್ತದ ತೆನೆ ಕಟ್ಟಿ, ಹೊಸ ಅಕ್ಕಿ ಸೇರಿಸಿ ಪಾಯಸ ಮಾಡಿದ್ದೆ. ಪಕ್ಕದ ಮನೆಯ ಕಸ್ತೂರಿಬಾಯಿಯನ್ನೂ ಕರೆದಿದ್ದೆ, ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಶ್ರೀಮಂತನ ತಾಯಿ. ನಾನು ಪಾಯಸದ ಪಾತ್ರೆ ತರುವಷ್ಟರಲ್ಲಿ ಲುದ್ಮಿಲಾ ನೀವು ಕೂರುವ ಜಾಗದಲ್ಲಿ ಒಂದು ಎಲೆ ಹೆಚ್ಚಿಗೆ ಹಾಕಿ ಅನ್ನ ಬಡಿಸಿದ್ದಾಳೆ! ಪಕ್ಕದಲ್ಲಿ ಗೋಡೆಯಿಂದ ಇಳಿಸಿದ ನಿಮ್ಮ ಫೋಟೋ. ನಮ್ಮಲ್ಲಿ ಮನೆಯಲ್ಲಿಲ್ಲದವರಿಗೆ ಎಲೆ ಹಾಕಿ ಬಡಿಸುವುದು ಅವರು ಸತ್ತ ಮೇಲೆ. ಕಸ್ತೂರಿಬಾಯಿ ಬಾಯಿಗೆ ಸೆರಗು ಹಿಡಿದರು. ಎಲೆಯನ್ನು ಅನ್ನದ ಸಮೇತ ಎತ್ತಿ ಹೊರಗೆ ಎಸೆದೆ. ‘ಹೊರಡು, ಈಗಲೇ ಹೊರಡು’ ಎಂದು ಕಿರುಚಿದೆ. ಏನಾಯಿತೆಂದು ಅವಳಿಗೆ ತಿಳಿಯಲಿಲ್ಲ, ಅವಳ ಮಗಳು ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು.

ಸಂಜೆಗೆ ಸೆಕ್ರೆಟರಿ ಶ್ರೀಮಂತ ಬಿಲ್ಡಿಂಗಿನ ಕಮಿಟಿಯವರನ್ನು ಕಟ್ಟಿಕೊಂಡು ಬಂದ. ‘ವೈನಿ, ಇದು ಧರ್ಮಶಾಲಾ ಅಲ್ಲರಿ. ಜೀವಂತ ಇದ್ದ ಮನಷ್ಯಾಗ ಎಡಿ ಇಟ್ಟಾಳಂತ, ಇಂಥಾಕಿನ್ನ ಇಟ್ಕೋಬ್ಯಾಡ್ರಿ. ಇವತ್ತೇ ಖಾಲಿ ಮಾಡಸ್ರಿ’ ಎಂದ. ಮಧ್ಯಾಹ್ನ ನಾನು ಹೇಳಿದ್ದೂ ಅದೇ. ಆದರೆ ಅವನ ಬಾಯಲ್ಲಿ ಕೇಳಿದಾಗ ಮೈಯೆಲ್ಲ ಉರಿಯಿತು. ‘ಕಲಬುರಗಿಯಿಂದ ಟ್ರಂಕು ಹೊತ್ತು ಬಂದಾಗ ನಿಮ್ಮ ಮನೆಯವರೆಲ್ಲ ನಮ್ಮ ಗ್ಯಾಲರಿಯಲ್ಲೇ ಮಲಗಿದ್ದು, ಮರೆತೆಯಾ? ಆಗ ಕಮಿಟಿ ಎಲ್ಲಿತ್ತು? ಇವಳು ನನ್ನ ಮನೆಯವಳು. ಬೈಯುವುದಿದ್ದರೆ ನಾನು ಬೈಯುತ್ತೇನೆ, ನೀನು ಯಾರು?’ ಎಂದು ಕೇಳಿದೆ. ಕಸ್ತೂರಿಬಾಯಿಯೇ ಮಗನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಮುಂದಿನ ಮೀಟಿಂಗಿನಲ್ಲಿ ನೋಡಿಕೊಳ್ಳುತ್ತಾನಂತೆ, ನೋಡಿಕೊಳ್ಳಲಿ.

ಆಮೇಲೆ ಲುದ್ಮಿಲಾಳನ್ನು ಕೂರಿಸಿ ಕೇಳಿದೆ. ಅವರ ದೊಡ್ಡ ಹಬ್ಬದ ಊಟದಲ್ಲಿ ದೂರ ಹೋದವರಿಗೂ ಒಂದು ತಟ್ಟೆ ಇಡುತ್ತಾರಂತೆ. ‘ಮರಾ ನಹೀಂ ದೀದಿ, ಆಯೇಗಾ, ಇಸಲಿಯೇ’ ಎಂದಳು ಅರೆಬರೆ ಹಿಂದಿಯಲ್ಲಿ. ಸತ್ತವರಿಗಲ್ಲ, ಬರುವವರಿಗೆ ಇಡುವುದಂತೆ. ಹಾಗಾದರೆ ಮಿಕೋಲನಿಗೆ ಯಾಕೆ ಹಾಕಲಿಲ್ಲ? ಅದಕ್ಕವಳು, ಇದು ನಿನ್ನ ಮನೆ, ಮೊದಲು ನಿನ್ನವನು ಎಂದಳು. ನಾನು ಎದ್ದು ಹೋಗಿ ಆ ಬ್ಯಾಗಿನ ಬಟ್ಟೆಗಳನ್ನು ಮತ್ತೆ ಕಪಾಟಿಗೆ ತುಂಬಿದೆ. ನಿಮ್ಮ ಮೇಲಿನ ಸಿಟ್ಟು ಇದರಿಂದ ಇಳಿಯಿತು ಎಂದುಕೊಳ್ಳಬೇಡಿ.

ಹರಿಣಿಯ ನಮಸ್ಕಾರ. ಲುದ್ಮಿಲಾ ಮತ್ತು ಅವಳ ಮಗಳೂ ನಿಮ್ಮ ಕ್ಷೇಮ ಕೇಳಿದ್ದಾರೆ. ದೇವರು ನಿಮ್ಮನ್ನು ಕಾಯಲಿ, ಬಂದ ಮೇಲೆ ಜಗಳ ನನಗಿರಲಿ.

ಇಂತು,
ವಾರಿಜಾ

ಮರೆತೆ: ಹೊಸತು ಉಣ್ಣುವ ಮೊದಲು ಮನೆಯ ಹಿರಿಯರನ್ನು ಕೇಳುವುದು ನಮ್ಮ ಕ್ರಮ. ನೀವು ಯಾವ ಸಮುದ್ರದಲ್ಲಿದ್ದರೂ ಆ ದಿನ ಫೋನಿನಲ್ಲಿ ‘ಉಣ್ಣು ಮಾರಾಯ್ತಿ’ ಎನ್ನುತ್ತಿದ್ದಿರಿ. ಈ ಸಲ ಎಲ್ಲರಿಗೂ ಬಡಿಸಿದೆ, ನಾನು ಉಂಡಿಲ್ಲ. ಒಂದು ಹಿಡಿ ಹೊಸ ಅಕ್ಕಿ ತೆಗೆದಿಟ್ಟಿದ್ದೇನೆ. ನನಗೆ ಹೆದರಿಕೆಯಾಗುತ್ತಿದೆ. ಇವತ್ತು ಮಧ್ಯಾಹ್ನ ನಾನೇ ಎರಡು ಎಲೆ ಹೆಚ್ಚಿಗೆ ಹಾಕಿದೆ, ಒಂದು ಮಿಕೋಲನದು, ಒಂದು ನಿಮ್ಮದು. ಈ ಕಾಗದ ಸಿಕ್ಕಿದ ಕೂಡಲೇ ಫೋನ್ ಮಾಡಿ, ಉಣ್ಣು ಅನ್ನಿ.