ಪಕ್ಕದ ಸೀಸೆಯವು

ಕೇಳಿರಿ, ಬೆಚ್ಚನೆಯ ಪೆಟ್ಟಿಗೆಯೊಳಗೆ ನೆರೆದಿರುವ ಮಹಾಜನರೇ! ಸೀಸೆಗಳ ಮುಂದೆ ನಾನು ಹೀಗೆ ಗುಡುಗಿದರೆ ನೀನು ನಗುತ್ತಿದ್ದೆ, ಜಿಪಾರ್.

ನೀನು ತೀರಿಹೋದಮೇಲೂ ನಿನ್ನ ಕ್ಯಾನ್ಸರ್ ಗಡ್ಡೆಯ ಜೀವಕೋಶಗಳನ್ನು ಬಿಷ್ಕೆಕ್‌ನ ನಮ್ಮ ಪ್ರಯೋಗಾಲಯದ ಬೆಚ್ಚನೆಯ ಪೆಟ್ಟಿಗೆಯಲ್ಲಿ, ಸೀಸೆಗಳೊಳಗೆ ಸಾಕುತ್ತಿದ್ದೆ. ಹೊಸ ಔಷಧಿಗೆ ಅವು ಸಾಯತೊಡಗಿದಾಗ ಕುಣಿದಾಡಿದ್ದೆ. ಇವತ್ತು ಅವುಗಳ ಗುರುತಿನ ಪರೀಕ್ಷೆಯ ಫಲಿತಾಂಶ ಬಂತು.

"ಇವು ನಿನ್ನ ಹೆಂಡ್ತಿಯವಲ್ಲ ಕಣೋ ತಲಾಯ್," ಎಂದರು ಹಿರಿಯರಾದ ಬುರುಲ್ ಅಕ್ಕ. "ಪಕ್ಕದ ಸೀಸೆಯವು ಹೇಗೋ ಸೇರ್ಕೊಂಡು, ಹಬ್ಬಿ, ಅವಳವನ್ನ ಅಳಿಸಿಬಿಟ್ಟಿವೆ."

"ಯಾವಾಗ, ಅಕ್ಕಾ?"

"ಯಾರಿಗ್ಗೊತ್ತು! ದಿನಾ ಇವಕ್ಕೆ ಹಾಡು ಹೇಳ್ತಿದ್ದೆಯಲ್ಲ, ಯಾರ ಹೆಂಡ್ತಿಗೋ ಏನೋ!" ಎಂದು ನಗಲು ಹೋದವರು, ನಗು ನಿಲ್ಲಿಸಿ ನನಗೆ ಚಹಾ ಬಗ್ಗಿಸಿದರು.

ಹೆಪ್ಪುಗಟ್ಟಿಸಿಟ್ಟಿದ್ದ ಹಳೆಯ ಜೀವಕೋಶಗಳ ಫಲಿತಾಂಶವನ್ನೂ ನೋಡಿದೆವು. ಅಲ್ಲೂ ಅವೇ. ನಿನ್ನದೊಂದೂ ಉಳಿದಿಲ್ಲ.

ನಾಳೆ ಬೆಳಿಗ್ಗೆ ಹೋಗಿ ಆ ಸೀಸೆಗಳಿಗೆಲ್ಲ ಬ್ಲೀಚ್ ಸುರಿದು ಅವನ್ನು ಕೊಲ್ಲುತ್ತೇನೆ. ಹಾಡುವುದಿಲ್ಲ.